ಲಂಡನ್ನಿನ ಹೆಸರು ಬರೆಯುವ ಕೆಲಸ

ಮುಂಬಯಿಯಲ್ಲಿ ಒಂದು ಕಾಲಕ್ಕೆ ಪಿಯಾನೋ ತಯಾರಾಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಆ ತಯಾರಿಯೊಳಗೆ ಆರು ವರ್ಷ ಇದ್ದವನು. ಪಿಯಾನೋ ಉದ್ಯಮ ಇವತ್ತು ನೆಲ ಕಚ್ಚಿದೆ, ಕರೆಂಟಿನ ಕೀಬೋರ್ಡುಗಳು ಬಂದು ಅದರ ಕತ್ತು ಹಿಸುಕಿದವು ಎಂದು ಮರುಗುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸಾಯಬೇಕಾದರೆ ಮೊದಲು ಹುಟ್ಟಿರಬೇಕಲ್ಲ! ನಾನು ಕಂಡ ಉದ್ಯಮವೆಂದರೆ ಪೆಟ್ಟಿಗೆ ಮಾಡುವುದು, ಪೆಟ್ಟಿಗೆಗೆ ಪಾಲಿಶ್ ಹೊಡೆಯುವುದು, ಪಾಲಿಶಿನ ಮೇಲೆ ಸುಳ್ಳು ಬರೆಯುವುದು. ಆ ಕೊನೆಯದು ನನ್ನ ಕೆಲಸವಾಗಿತ್ತು.

ಐವತ್ತರ ದಶಕದ ಮಾತು. ಧಾರವಾಡದ ಒಂದು ಶಾಲೆಯಲ್ಲಿ ಎರಡು ವರ್ಷ ಚಿತ್ರಕಲೆ ಕಲಿಸಿ, ಇಷ್ಟು ಸಣ್ಣ ಊರಿನಲ್ಲಿ ನನ್ನಂಥ ಪ್ರತಿಭೆ ಕೊಳೆಯಬಾರದು ಎಂದು ನಾನೇ ತೀರ್ಮಾನಿಸಿ ಮುಂಬಯಿ ರೈಲು ಹತ್ತಿದೆ. ದೊಡ್ಡ ಚಿತ್ರಕಾರನಾಗಲು ಬಂದವನು ಆದದ್ದು ವಡಾಲದ ಒಂದು ಶೆಡ್ಡಿನಲ್ಲಿ ಅಕ್ಷರ ಬರೆಯುವವ. ಶೆಡ್ಡಿಗೆ ತಗಡಿನ ಛಾವಣಿ, ಹಿಂದೆ ಹಾರ್ಬರ್ ಲೈನಿನ ಹಳಿ. ಲೋಕಲ್ ಹಾದುಹೋದಾಗಲೆಲ್ಲ ಒಳಗಿದ್ದ ಹಳೆಯ ಪಿಯಾನೋಗಳ ತಂತಿಗಳು ತಾವಾಗಿಯೇ ಗೊಣಗುತ್ತಿದ್ದವು. ಬಾಗಿಲ ಮೇಲೆ ‘ಪಿಯಾನೋ ಫ್ಯಾಕ್ಟರಿ’ ಎಂದು ಇಂಗ್ಲಿಷಿನಲ್ಲಿ ಬೋರ್ಡು. ಅದಕ್ಕೆ ಪ್ರತಿ ವರ್ಷ ಹೊಸ ಬಣ್ಣ ಕೊಡುವವನೂ ನಾನೇ. ಹಾಗಾಗಿ ನಮ್ಮಲ್ಲಿ ಸುಳ್ಳು ಬಾಗಿಲಿನಿಂದಲೇ ಶುರುವಾಗುತ್ತಿತ್ತು.

ಆ ಫ್ಯಾಕ್ಟರಿಯ ಗುಟ್ಟು ಇಷ್ಟೇ. ಬ್ರಿಟಿಷರು ಊರು ಬಿಡುವಾಗ ಹೆಂಡತಿ, ಮಕ್ಕಳು, ನಾಯಿಗಳನ್ನು ಹಡಗು ಹತ್ತಿಸಿಕೊಂಡು ಪಿಯಾನೋಗಳನ್ನು ಇಲ್ಲೇ ಬಿಟ್ಟುಹೋಗಿದ್ದರು. ಹೊಸದನ್ನು ಹೊರದೇಶದಿಂದ ತರಿಸಲು ಸರ್ಕಾರದ ಲೈಸೆನ್ಸ್ ಬೇಕು, ಅದು ಸಿಗುತ್ತಿರಲಿಲ್ಲ. ನಮ್ಮ ಸೇಠ್ ಹರಾಜಿನಲ್ಲಿ ಹಳೆಯವನ್ನು ಎತ್ತಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ಮುಂಬಯಿಯ ಮಳೆಗಾಲ ಅವುಗಳ ಅಂಟು ಬಿಡಿಸಿರುತ್ತಿತ್ತು, ಒಳಗಿನ ಉಣ್ಣೆಯನ್ನು ನುಸಿ ತಿಂದಿರುತ್ತಿತ್ತು, ಉಳಿದ ಜಾಗದಲ್ಲಿ ಜಿರಳೆಗಳು ಸಂಸಾರ ಹೂಡಿರುತ್ತಿದ್ದವು. ಒಳಗಿನ ಕಬ್ಬಿಣದ ಚೌಕಟ್ಟನ್ನು ತಿಕ್ಕಿ ತೊಳೆದು, ತಂತಿ ಬಿಗಿದು, ಹೊಸ ತೇಗದ ಪೆಟ್ಟಿಗೆಯಲ್ಲಿ ಕೂರಿಸಿದರೆ ಫ್ಯಾಕ್ಟರಿಯ ಕೆಲಸ ಮುಗಿಯಿತು. ಆಮೇಲೆ ಒತ್ತುವ ಪಟ್ಟಿಗಳ ಮೇಲಿನ ಮುಚ್ಚಳದ ಒಳಮೈಗೆ ನಾನು ಚಿನ್ನದ ರೇಕಿನಲ್ಲಿ ಹೆಸರು ಬರೆಯಬೇಕು. ಯಾರ ಹೆಸರು? ಆ ತಿಂಗಳು ಯಾವ ಹೆಸರಿಗೆ ಗಿರಾಕಿ ಹೆಚ್ಚೋ ಆ ಹೆಸರು. ಒಳಗಿದ್ದದ್ದು ಯಾವ ಊರಿನದೇ ಆಗಿರಲಿ, ಹೊರಗೆ ಮಾತ್ರ ಯಾವುದೋ ಗೌರವಸ್ಥ ಮನೆತನ ‘ಆಂಡ್ ಸನ್ಸ್, ಲಂಡನ್’. ಬೆಣ್ಣೆ ಕಾಗದದ ಮೇಲೆ ಅಂಥ ಏಳೆಂಟು ಹೆಸರುಗಳ ಅಚ್ಚುಗಳು ನನ್ನ ಹತ್ತಿರ ಇದ್ದವು. ಲಂಡನ್ ನೋಡದೆ ಲಂಡನ್ನನ್ನು ನನ್ನಷ್ಟು ಸಲ ಬರೆದವರು ಈ ದೇಶದಲ್ಲಿ ಯಾರೂ ಇರಲಾರರು.

ಕೊಳ್ಳುವವರೇನು ಕಡಿಮೆಯೇ? ಚೆಂಬೂರಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆ. ಚಿನ್ನದ ಅಕ್ಷರಕ್ಕೆ ಗೀರು ಬಿದ್ದಿದೆ, ಸರಿಮಾಡಿ ಬಾ ಎಂದು ಸೇಠ್ ನನ್ನನ್ನು ಕಳಿಸಿದ್ದ. ಹೋಗಿ ನೋಡಿದರೆ ಪಿಯಾನೋದ ನಾಲ್ಕು ಕಾಲಿಗೂ ಇರುವೆ ಹತ್ತದಂತೆ ನೀರಿನ ಬಟ್ಟಲು, ತಲೆಯ ಮೇಲೆ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಮದುವೆಯ ಫೋಟೋ, ಫೋಟೋದ ಪಕ್ಕದಲ್ಲಿ ಮಣ್ಣಿನ ಗಿಳಿ. ಮುಚ್ಚಳ ಮಾತ್ರ ಹಗಲೆಲ್ಲ ತೆರೆದೇ ಇರಬೇಕು, ಬಂದವರಿಗೆ ಹೆಸರು ಕಾಣಬೇಕಲ್ಲ. ‘ದನಿ ಹೇಗಿದೆ ಅಮ್ಮಾ, ಸರಿ ಬರುತ್ತಿದೆಯೇ?’ ಎಂದು ಕೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ ‘ಅದಕ್ಕೇನು, ಇನ್ನೂ ಯಾರೂ ಬಾರಿಸಿಲ್ಲ’ ಎಂದರು. ಮೂರು ವರ್ಷವಾಗಿತ್ತು ಆ ಪಿಯಾನೋ ಅವರ ಮನೆಗೆ ಬಂದು.

ಅವರಾದರೂ ಪರವಾಗಿಲ್ಲ, ಒಳಗೆ ತಂತಿ ಇರುವ ಪಿಯಾನೋ ಕೊಂಡಿದ್ದರು. ಗೋರೆಗಾಂವ್ ಕಡೆಯ ಸಿನಿಮಾದವರಿಗೆ ತಂತಿಯೂ ಬೇಡ. ಆಗ ಯಾವ ಚಿತ್ರ ನೋಡಿದರೂ ಒಂದು ಪಾರ್ಟಿ, ಪಾರ್ಟಿಯಲ್ಲಿ ಒಂದು ಪಿಯಾನೋ, ಅದರ ಮುಂದೆ ಕುಳಿತು ಪ್ರೇಮಭಂಗದಿಂದ ಹಾಡುವ ಒಬ್ಬ ಕೋಟುಧಾರಿ. ಸ್ಟುಡಿಯೋದ ಜನ ಶೆಡ್ಡಿಗೆ ಬಂದು ‘ಖಾಲಿ ವಾಲಾ ದೋ, ಉಠಾನೇ ಮೇ ಹಲ್ಕಾ’ ಎನ್ನುತ್ತಿದ್ದರು. ಎತ್ತಲು ಹಗುರವಾಗಿರಬೇಕು, ಅಷ್ಟೇ. ಹಾಗಾಗಿ ನಮ್ಮ ಫ್ಯಾಕ್ಟರಿ ತನ್ನ ಕೈಯಾರೆ ಪೂರ್ತಿಯಾಗಿ ತಯಾರಿಸುತ್ತಿದ್ದ ಪಿಯಾನೋ ಅಂದರೆ ಹೊಟ್ಟೆ ಇಲ್ಲದ ಪಿಯಾನೋ ಮಾತ್ರ. ಅದಕ್ಕೂ ನಾನು ಲಂಡನ್ ಬರೆಯುತ್ತಿದ್ದೆ.

ಇಂಥ ಜಾಗದಲ್ಲಿ ಒಬ್ಬ ಬಡಿಗ ಇದ್ದ. ಧಾರವಾಡದ ಹತ್ತಿರದ ಹಳ್ಳಿಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಉಳಿದವರೆಲ್ಲ ಅವನನ್ನು ಮಿಸ್ತ್ರಿ ಅನ್ನುತ್ತಿದ್ದರು, ನಾನು ಕಾಕಾ ಅನ್ನುತ್ತಿದ್ದೆ. ಹಿಂದೆ ಶಾಲೆಯಲ್ಲಿ ಕಲಿಸಿದವನು ಎಂಬ ಕಾರಣಕ್ಕೆ ಅವನು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದ. ಅಕ್ಷರದ ಗಂಧವಿಲ್ಲ, ಕನ್ನಡವೂ ಓದಲು ಬಾರದು. ಹೆಂಡತಿ ತೀರಿಕೊಂಡಿದ್ದಳು; ಒಬ್ಬಳೇ ಮಗಳನ್ನು ಧಾರವಾಡದಲ್ಲಿ ತಂಗಿಯ ಮನೆಯಲ್ಲಿ ಬಿಟ್ಟು ಹೈಸ್ಕೂಲು ಓದಿಸುತ್ತಿದ್ದ. ಅವಳ ಕಾಗದ ಬಂದರೆ ನಾನು ಓದಿ ಹೇಳಬೇಕು, ಅವನು ಹೇಳಿದ್ದನ್ನು ನಾನು ಬರೆಯಬೇಕು. ಎದುರಿಗೆ ಅವನಿಗೆ ಬಹುವಚನ ಕೊಡುತ್ತಿದ್ದೆ. ಮನಸ್ಸಿನಲ್ಲಿ ಏಕವಚನವೇ ಇತ್ತು. ಕಲಾವಿದನೊಬ್ಬ ಬಡಿಗನ ಜೊತೆ ಕೂತು ರೊಟ್ಟಿ ತಿನ್ನುವುದೇ ದೊಡ್ಡ ಔದಾರ್ಯ ಎಂದು ನಾನು ತಿಳಿದಿದ್ದೆ.

ಕಾಕಾನಿಗೆ ಒಂದು ಹುಚ್ಚು ಹತ್ತಿತ್ತು. ಒಂದು ಪಿಯಾನೋವನ್ನು ತಾನೇ ಮಾಡಬೇಕು. ಪೆಟ್ಟಿಗೆಯನ್ನಲ್ಲ, ಪಿಯಾನೋವನ್ನು. ತಂತಿಗಳ ಹಿಂದೆ ಒಂದು ತೆಳ್ಳಗಿನ ದೊಡ್ಡ ಹಲಗೆ ಇರುತ್ತದೆ. ತಂಬೂರಿಗೆ ಬುರುಡೆ ಹೇಗೋ ಪಿಯಾನೋಗೆ ಆ ಹಲಗೆ ಹಾಗೆ. ದನಿ ತುಂಬಿಕೊಳ್ಳುವುದು ಅಲ್ಲಿಯೇ. ಅದಕ್ಕೆ ಬೇಕಾದ ಮರ ನಮ್ಮ ದೇಶದಲ್ಲಿ ಬೆಳೆಯುವುದಿಲ್ಲ ಎಂದು ಸೇಠ್ ಹೇಳುತ್ತಿದ್ದ, ಅಷ್ಟಕ್ಕೇ ವಿಷಯ ಮುಗಿದಿತ್ತು. ಕಾಕಾ ಮಾತ್ರ ಭಾನುವಾರಗಳಂದು ಬಂದರಿನ ಕಡೆಯ ಗುಜರಿಗಳಲ್ಲಿ ಅಲೆದ. ಹೊರದೇಶದ ಯಂತ್ರಗಳು ದೊಡ್ಡ ದೊಡ್ಡ ಮರದ ಖೋಕಾಗಳಲ್ಲಿ ಬರುತ್ತಿದ್ದವು. ಯಂತ್ರ ಕಾರ್ಖಾನೆಗೆ ಹೋದ ಮೇಲೆ ಖೋಕಾ ಒಲೆಗೆ. ಆ ಖೋಕಾಗಳ ಹಲಗೆಗಳನ್ನು ಕಾಕಾ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರ ಹಾಗೆ. ನೂರು ಹಲಗೆಗೆ ಒಂದನ್ನು ಆರಿಸಿ, ತಲೆಯ ಮೇಲೆ ಹೊತ್ತು ತರುತ್ತಿದ್ದ. ನಾನು ನಗುತ್ತಿದ್ದೆ. ಸೇಠನೂ ನಗುತ್ತಿದ್ದ. ನಕ್ಕಿದ್ದರಲ್ಲಿ ನಮ್ಮಿಬ್ಬರಿಗೆ ವ್ಯತ್ಯಾಸವಿರಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ಊಟದ ಬಿಡುವಿನಲ್ಲಿ, ರಜೆಯ ದಿನಗಳಲ್ಲಿ ಕಾಕಾ ಆ ಹಲಗೆಗಳನ್ನು ಜೋಡಿಸಿ ಹೆರೆದ, ಒಣಗಿಸಿದ, ಮಳೆಗಾಲದಲ್ಲಿ ಅವು ಉಬ್ಬಿ ಸೀಳಿದಾಗ ಮತ್ತೆ ಮೊದಲಿನಿಂದ ಹೆರೆದ. ಕಬ್ಬಿಣದ ಚೌಕಟ್ಟು ಮತ್ತು ತಂತಿ ಮಾತ್ರ ಹಳೆಯ ಮುರುಕು ಪಿಯಾನೋದ್ದು. ಒತ್ತುವ ಪಟ್ಟಿ, ತಂತಿಗೆ ಬಡಿಯುವ ಸುತ್ತಿಗೆಗಳ ಕಡ್ಡಿ, ಪೆಟ್ಟಿಗೆ, ಎಲ್ಲ ಅವನದೇ ಕೈಯದು. ಶ್ರುತಿ ಕೂಡಿಸಲು ಬಾಂದ್ರಾದಿಂದ ವಾರಕ್ಕೊಮ್ಮೆ ಒಬ್ಬ ಮುದುಕ ಬರುತ್ತಿದ್ದ. ಆತ ನಮ್ಮ ಯಾವ ಪಿಯಾನೋವನ್ನೂ ಪೂರ್ತಿ ಬಾರಿಸಿದ್ದೇ ಇಲ್ಲ. ಮುಖ ಸಿಂಡರಿಸಿಕೊಂಡು ಕೆಲಸ ಮುಗಿಸಿ ಹೋಗುವವನು. ಕಾಕಾನ ಪಿಯಾನೋದ ಮುಂದೆ ಮಾತ್ರ ಟೋಪಿ ತೆಗೆದಿಟ್ಟು ಒಂದು ಗಳಿಗೆ ಬಾರಿಸಿದ. ಆಮೇಲೆ ಕೇಳಿದ, ‘ಕಿಸ್ನೇ ಬನಾಯಾ?’ ಯಾರು ಮಾಡಿದ್ದು ಎಂಬ ಪ್ರಶ್ನೆಯನ್ನು ಆ ಶೆಡ್ಡಿನಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಕಾಕಾ ಕೈಯಲ್ಲಿದ್ದ ಉಳಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಾಚಿ ನಿಂತಿದ್ದ.

ಅವತ್ತು ಮಧ್ಯಾಹ್ನ ನನ್ನ ಪಕ್ಕಕ್ಕೆ ಬಂದು ಕುಳಿತ.

“ಮಾಸ್ತರ, ನಮ್ಮ ಕಡೆ ಬಂಡಿ ಮಾಡಿದ್ರ ನೊಗದ ಒಳಮೈಗೆ ನಮ್ಮದೊಂದು ಗುರುತು ಕೆತ್ತತೀವಿ. ಸುತ್ತ ಹತ್ತು ಹಳ್ಳ್ಯಾಗ ಯಾರು ನೋಡಿದ್ರೂ ಇದು ಇಂಥವನ ಕೈದು ಅಂತಾರ. ಈ ಮುಂಬೈಯಾಗ ನನ್ನ ಗುರುತು ಯಾರಿಗೆ ತಿಳೀತೈತಿ? ಅದಕ್ಕ ಇದರ ಮ್ಯಾಲ ನನ್ನ ಹೆಸರು ಬರೀರಿ. ಇಂಗ್ಲಿಷಿನ್ಯಾಗ ಬರೀರಿ. ಮಗಳು ಈಗ ಇಂಗ್ಲಿಷ್ ಕಲ್ಯಾಕತ್ತಾಳ, ಎಂದಾರ ಒಂದಿನ ನೋಡಿ ಓದ್ತಾಳ.”

“ಬರೀತೀನಿ ಕಾಕಾ, ಅದಕ್ಕೇನು” ಎಂದೆ.

ಸೇಠನಿಗೆ ಹೇಳಿದೆ. ಅವನು ಪಾನ್ ಅಗಿಯುವುದನ್ನು ನಿಲ್ಲಿಸಲೂ ಇಲ್ಲ. ‘ಲೋಗ್ ನಾಮ್ ಖರೀದ್ತೇ ಹೈ, ಪೇಂಟರ್. ಆವಾಜ್ ಕೌನ್ ಸುನ್ತಾ ಹೈ?’ ಜನ ಕೊಳ್ಳುವುದು ಹೆಸರನ್ನು, ದನಿ ಕೇಳುವವರು ಯಾರು ಎಂಬುದು ಅವನ ವ್ಯಾಪಾರದ ಒಟ್ಟು ತಿಳಿವಳಿಕೆ. ಇದಕ್ಕಂತೂ ಎಲ್ಲಕ್ಕಿಂತ ದೊಡ್ಡ ಲಂಡನ್ ಹೆಸರೇ ಹಾಕು ಅಂದ. ಅವನ ಮೇಲೆ ನನಗೆ ಆಗಲೂ ಅಸಹ್ಯ, ಈಗಲೂ ಅಸಹ್ಯ. ಆದರೆ ಒಂದು ಮಾತು ಹೇಳಬೇಕು. ಅವನು ಕಾಕಾನಿಗೆ ಯಾವ ಮಾತೂ ಕೊಟ್ಟಿರಲಿಲ್ಲ. ಕೊಟ್ಟವನು ನಾನು.

ಕಾಕಾನ ಹತ್ತಿರ ಹೋಗಿ, ಸೇಠ್ ಒಪ್ಪಲಿಲ್ಲ ಎನ್ನಬಹುದಿತ್ತು. ಒಂದೇ ವಾಕ್ಯ. ಅವನು ಸಪ್ಪಗಾಗುತ್ತಾನೆ, ಎರಡು ದಿನ ಮಾತು ಬಿಡುತ್ತಾನೆ, ಆ ಮುಖವನ್ನು ಯಾರು ನೋಡುತ್ತಾ ಕೂರುವುದು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಅಕ್ಷರ ಬಾರದವನಿಗೆ ಯಾವ ಹೆಸರಾದರೇನು ಅನ್ನಿಸಿತು. ಅಂಟು ಹಚ್ಚಿ, ರೇಕು ಕೂರಿಸಿ, ಹತ್ತಿಯಿಂದ ಒರೆಸಿ, ಮೇಲೆ ವಾರ್ನಿಷ್ ಕೊಟ್ಟು ಎರಡು ದಿನದಲ್ಲಿ ಲಂಡನ್ನಿನ ಹೆಸರು ಮುಗಿಸಿದೆ. ನಾನು ಬರೆದವುಗಳಲ್ಲೆಲ್ಲ ಅದೇ ಅತಿ ಚೆಂದದ್ದು ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಕಾಕಾ ಬಂದು ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅಕ್ಷರಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

“ಇದರಾಗ ನನ್ನ ಹೆಸರು ಎಲ್ಲೈತ್ರಿ?”

“ಇದೇ ಕಾಕಾ. ಇದೆಲ್ಲಾ ನಿಮ್ಮ ಹೆಸರೇ.”

ಅವನು ಬೆರಳನ್ನು ಗಾಳಿಯಲ್ಲಿಟ್ಟುಕೊಂಡು, ಒಂದನ್ನೂ ಮುಟ್ಟದೆ, ಅಕ್ಷರಗಳನ್ನು ಎಣಿಸಿದ. ಕನ್ನಡದಲ್ಲಿ ಕಾಕಾನ ಹೆಸರು ಮೂರೇ ಅಕ್ಷರ.

“ಇಷ್ಟುದ್ದ ಐತೇನ್ರಿ ನನ್ನ ಹೆಸರು?”

“ಇಂಗ್ಲಿಷಿನ್ಯಾಗ ಎಲ್ಲಾರ ಹೆಸರೂ ಉದ್ದ ಆಗ್ತಾವ ಕಾಕಾ.”

ಅವನು ತಲೆಯಾಡಿಸಿದ. ಮರುದಿನ ಮಹಾನವಮಿ, ಆಯುಧ ಪೂಜೆ. ಕಾಕಾ ತನ್ನ ಉಳಿ, ಬಾಚಿ, ಕೀಸುಳಿಗಳನ್ನೆಲ್ಲ ತೊಳೆದು ಆ ಪಿಯಾನೋದ ಮುಂದೆ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಿದ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನನ್ನ ಕುಂಚವನ್ನು ಕೇಳಿದ. ಯಾಕೆ ಎಂದೆ. “ಇದೂ ಆಯುಧರೀ ಮಾಸ್ತರ” ಎಂದು ಅದನ್ನೂ ಉಳಿಗಳ ಪಕ್ಕದಲ್ಲಿ ಮಲಗಿಸಿ, ಅದಕ್ಕೂ ಕುಂಕುಮ ಹಚ್ಚಿ, ಅದರ ಮೇಲೂ ಒಂದು ಚೆಂಡುಹೂವು ಇಟ್ಟ. ನಾನು ಕೈಮುಗಿದೆ. ಮುಗಿಯದೆ ಏನು ಮಾಡಲಿ?

ಆ ಪಿಯಾನೋವನ್ನು ಒಯ್ದವರು ಗೋರೆಗಾಂವ್‌ನ ಸಿನಿಮಾದವರು. ಈ ಸಲ ಕ್ಯಾಮರಾ ತೀರಾ ಹತ್ತಿರ ಬರುತ್ತದೆಯಂತೆ, ಪಟ್ಟಿ ಒತ್ತಿದರೆ ನಿಜವಾಗಿ ಇಳಿದು ಏಳಬೇಕಂತೆ, ಹಾಗಾಗಿ ಹೊಟ್ಟೆ ಇರುವ ಪಿಯಾನೋವೇ ಬೇಕಾಯಿತು. ಎಂಟು ಜನ ಹಮಾಲರು ಅದನ್ನು ಲಾರಿಗೆ ಏರಿಸುವಾಗ ಕಾಕಾ ಹೆಣ್ಣು ಕಳಿಸಿಕೊಡುವ ತಂದೆಯ ಹಾಗೆ ಲಾರಿಯ ಸುತ್ತ ಓಡಾಡಿದ. ‘ಸಂಭಾಲ್ ಕೇ, ಸಂಭಾಲ್ ಕೇ’ ಎಂದು ಜೋಪಾನ ಹೇಳುವಷ್ಟು ಹಿಂದಿ ಅವನಿಗೆ ಬರುತ್ತಿತ್ತು.

ಚಿತ್ರ ತೆರೆಗೆ ಬಂದಾಗ ಮಾಟುಂಗದ ಥಿಯೇಟರಿಗೆ ನನ್ನನ್ನು ಅವನೇ ಎಳೆದುಕೊಂಡು ಹೋದ. ಕತೆಯ ವಿಷಯ ಹೇಳಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಹಾಡು ಬಂತು. ನಾಯಕನ ಬೆರಳುಗಳು ಬಲಕ್ಕೆ ಹೋದರೆ ಸಂಗೀತ ಎಡಕ್ಕೆ ಹೋಗುತ್ತಿತ್ತು. ಆ ಮಹಾಶಯ ಜೀವಮಾನದಲ್ಲಿ ಹಾರ್ಮೋನಿಯಂ ಕೂಡ ಮುಟ್ಟಿದಂತಿರಲಿಲ್ಲ. ಆಮೇಲೆ ಕ್ಯಾಮರಾ ಹತ್ತಿರ ಹೋಯಿತು. ಇಡೀ ಪರದೆಯ ತುಂಬ ಬಿಳಿಯ ಪಟ್ಟಿಗಳು, ಬೆರಳುಗಳು, ಅವುಗಳ ಮೇಲೆ ಆಳೆತ್ತರದ ನನ್ನ ಅಕ್ಷರಗಳು. ನಾನು ಕುರ್ಚಿಯಲ್ಲಿ ಕುಗ್ಗಿದೆ. ಕಾಕಾ ನನ್ನ ತೊಡೆ ಹಿಡಿದು ಅಲ್ಲಾಡಿಸಿದ.

“ಮಾಸ್ತರ, ಈ ದನಿ ನಂದಲ್ಲ.”

“ಹಾಂ?”

“ಇದು ನನ್ನ ಪಿಯಾನೋದ ದನಿ ಅಲ್ಲರಿ. ಬ್ಯಾರೆ ಯಾವುದೋ ಬಾರಿಸಿ ಸೇರಿಸ್ಯಾರ.” ಆಮೇಲೆ ಸಮಾಧಾನ ಮಾಡಿಕೊಂಡವನಂತೆ ಹೇಳಿದ, “ಇರಲಿ ಬಿಡ್ರಿ. ಹೆಸರು ಐತೆಲ್ಲ, ಸಾಕು.”

ಮರುದಿನವೇ ಮಗಳಿಗೆ ಕಾಗದ ಬರೆಸಿದ. ಚಿತ್ರ ಹುಬ್ಬಳ್ಳಿಗೆ ಬಂದಾಗ ಅತ್ತೆಯನ್ನು ಕರೆದುಕೊಂಡು ಹೋಗು, ಓಣಿಯವರಿಗೂ ಹೇಳು, ಅದರಲ್ಲಿ ನಿಮ್ಮಪ್ಪನ ಹೆಸರು ಗೋಡೆಯಷ್ಟು ದೊಡ್ಡದಾಗಿ ಬರುತ್ತದೆ, ನೀನೇ ಎಲ್ಲರಿಗೂ ಓದಿ ಹೇಳು. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಪೆನ್ನು ಕೆಳಗಿಟ್ಟು ನಿಜ ಹೇಳಲು ಅದು ಎರಡನೆಯ ಅವಕಾಶ. ನಾನು ವಿಳಾಸ ಬರೆದು, ಅಂಚಿಗೆ ಅಂಟು ಹಚ್ಚಿ ಡಬ್ಬಿಗೆ ಹಾಕಿದೆ. ಹುಬ್ಬಳ್ಳಿಗೆ ಆ ಚಿತ್ರ ಹೋಗದಿರಲಿ ಎಂದು ಹಾರೈಸಿದೆ. ಕೆಟ್ಟ ಚಿತ್ರಗಳು ಎಲ್ಲ ಊರಿಗೂ ಹೋಗುತ್ತವೆ ಎಂಬುದನ್ನು ಮರೆತಿದ್ದೆ.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಕಾಕಾ ನನ್ನ ಖೋಲಿಗೆ ಬಂದ. ಮಗಳ ಇನ್‌ಲ್ಯಾಂಡ್ ಕಾಗದ ಕೈಯಲ್ಲಿತ್ತು. ಅದರ ಅಂಚು ಆಗಲೇ ಬಿಚ್ಚಿತ್ತು. ಅದನ್ನು ನೋಡಿದೆ, ಆದರೆ ಆ ಬಗ್ಗೆ ಯೋಚಿಸಲಿಲ್ಲ. ಅವನು ಅದನ್ನು ಕೈಗೆ ಕೊಟ್ಟೊಡನೆ ನನ್ನ ಕಣ್ಣು ಒಳಗಿನ ಸಾಲುಗಳ ಕಡೆ ಓಡಿತ್ತು. ಮೂರನೆಯ ಸಾಲಿನಲ್ಲೇ ಇತ್ತು, ಪಿಯಾನೋದ ಮೇಲಿದ್ದದ್ದು ನಿನ್ನ ಹೆಸರಲ್ಲ ಅಪ್ಪಾ ಎಂದು.

ಕಾಕಾ ಹೊಸ್ತಿಲ ಹತ್ತಿರ ಗೋಡೆಗೊರಗಿ ಕುಳಿತು “ಓದ್ರಿ” ಎಂದ.

ನಾನು ಓದಿದೆ. ಅವಳು ಬರೆಯದೇ ಇದ್ದದ್ದನ್ನು ಓದಿದೆ. ಅಪ್ಪಾ, ಹುಬ್ಬಳ್ಳಿಗೆ ಹೋಗಿ ಚಿತ್ರ ನೋಡಿದೆವು, ನಿನ್ನ ಹೆಸರು ಬಹಳ ದೊಡ್ಡದಾಗಿ ಕಾಣಿಸಿತು, ಅತ್ತೆಗೆ ಕಣ್ಣಲ್ಲಿ ನೀರು ಬಂತು, ಎಲ್ಲರೂ ನಿನ್ನನ್ನು ಹೊಗಳಿದರು. ಒಂದು ಕಡೆಯೂ ತಡವರಿಸಲಿಲ್ಲ. ಇಷ್ಟು ವರ್ಷಗಳ ಅಭ್ಯಾಸ, ಬಿಟ್ಟುಹೋಗುತ್ತದೆಯೇ?

“ಮುಗೀತೇನ್ರಿ?”

“ಮುಗೀತು ಕಾಕಾ.”

ಅವನು ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ ಹೇಳಿದ, “ಮುಂಜಾನೆ ಕೆಳಗ ಉಡುಪಿ ಹೋಟೆಲಿನ್ಯಾಗ ಗಲ್ಲಾದ ಮ್ಯಾಲ ಕೂಡೋರ ಕಡೆ ಓದಿಸಿದ್ದೆ. ನೀವು ಮನ್ಯಾಗ ಇರ್ತೀರೋ ಇಲ್ಲೋ ಅಂತ. ಅವರು ಓದಿದ್ದು ಬ್ಯಾರೆ ಇತ್ತು. ಅವರದೇ ಏನರೆ ತಪ್ಪಾಗಿರಬೇಕು, ನಮ್ಮ ಮಾಸ್ತರ ಸರಿ ಓದ್ತಾರ ಅಂತ ಬಂದೆ.”

ಹೊರಗೆ ಚಾಳಿನ ನಲ್ಲಿಯಲ್ಲಿ ಯಾರೋ ಕೊಡ ತುಂಬಿಸುತ್ತಿದ್ದರು.

“ಇನ್ನೊಮ್ಮೆ ಓದ್ರಿ ಮಾಸ್ತರ. ಈ ಸಲ ಅದರಾಗ ಏನೈತಿ ಅದನ್ನ ಓದ್ರಿ.”

ಓದಿದೆ.

“ಅಪ್ಪನಿಗೆ ಮಗಳ ನಮಸ್ಕಾರ. ನಾವೆಲ್ಲ ಹುಬ್ಬಳ್ಳಿಗೆ ಹೋಗಿ ಚಿತ್ರ ನೋಡಿದೆವು, ಓಣಿಯಿಂದ ಏಳು ಜನ ಬಂದಿದ್ದರು. ಪಿಯಾನೋದ ಮೇಲಿದ್ದದ್ದು ನಿನ್ನ ಹೆಸರಲ್ಲ ಅಪ್ಪಾ. ಅದು ಲಂಡನ್ನಿನ ಯಾವುದೋ ಅಂಗಡಿಯ ಹೆಸರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ನಾನು ನಿನ್ನ ಹೆಸರನ್ನೇ ಗಟ್ಟಿಯಾಗಿ ಓದಿ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಬೈಯಬೇಡ. ಮಾಸ್ತರರ ಮೇಲೂ ಸಿಟ್ಟಾಗಬೇಡ, ಅವರಿಗೆ ಯಾರೋ ತಪ್ಪು ಹೇಳಿರಬೇಕು.”

ಕಾಕಾ ಕೈ ಚಾಚಿ ಕಾಗದ ಇಸಿದುಕೊಂಡ. ಅದನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಅಂಗಿಯ ಒಳಕಿಸೆಗೆ ಹಾಕಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಬಚಾವಾಗುತ್ತಿದ್ದೆ.

“ಅಕ್ಷರ ಚಲೋ ಅದಾವೇನ್ರಿ ಆಕಿವು?” ಎಂದು ಕೇಳಿದ.

“ಚಲೋ ಅದಾವ ಕಾಕಾ” ಎಂದೆ. ಅದೊಂದು ನಿಜವಾಗಿತ್ತು.